ತಡಿಯಣ್ಣನ ಫಾಸ್ಟ್ ಲೆನ್ಸ್

ಲಿಫ್ಟ್ ರಿಪೇರಿ ಮಾಡುವವನಿಗೆ ಅವಸರ ಇರಬಾರದು, ನಿಜ. ಆದರೆ ಮನೆಗೆ ಬಂದಮೇಲೂ ಊಟಕ್ಕೆ ಕರೆದರೆ ‘ತಡಿ’, ಬಾಗಿಲು ತಟ್ಟಿದರೆ ‘ತಡಿ’, ಹಾಲು ಉಕ್ಕುತ್ತಿದೆ ಒಲೆ ಆರಿಸ್ರೀ ಅಂತ ಬಾಯಿ ಬಡಿದುಕೊಂಡರೂ ‘ತಡಿ, ತಡಿ’ ಅನ್ನುವವನ ಜೊತೆ ಸಂಸಾರ ಮಾಡಿದವಳಿಗೇ ಗೊತ್ತು ಅದರ ಸುಖ. ಕೆಲಸದ ಜಾಗದಲ್ಲಿ ಅವನಿಗೆ ತಡಿಯಣ್ಣ ಅಂತ ಹೆಸರಿಟ್ಟಿದ್ದಾರೆ ಎಂದು ತಿಳಿದ ದಿನ ಹೆಂಡತಿ ಹೊಲಿಗೆ ಮಷಿನ್ ನಿಲ್ಲಿಸಿ ಮನಸಾರೆ ನಕ್ಕಿದ್ದಳು. ಸದ್ಯ, ಈ ಕಷ್ಟ ತನ್ನೊಬ್ಬಳದೇ ಅಲ್ಲವಲ್ಲ!

ಕುಡಿಯುವ ಚಟ ಇಲ್ಲ, ಇಸ್ಪೀಟಿಲ್ಲ. ಇದ್ದದ್ದು ಫೋಟೋ ಹುಚ್ಚು ಒಂದೇ. ರಜೆ ಬಂತೆಂದರೆ ಹಳೇ ಕ್ಯಾಮೆರಾ ಹೆಗಲಿಗೇರುತ್ತಿತ್ತು. ಅದರ ಜೊತೆಗೇ ಬಂದಿದ್ದ ಲೆನ್ಸ್ ಸ್ವಲ್ಪ ಹತ್ತಿರದ್ದನ್ನೂ ತೆಗೆಯುತ್ತಿತ್ತು, ಸ್ವಲ್ಪ ದೂರದ್ದನ್ನೂ ತೆಗೆಯುತ್ತಿತ್ತು, ಯಾವುದನ್ನೂ ನೆಟ್ಟಗೆ ತೆಗೆಯುತ್ತಿರಲಿಲ್ಲ. ಬೇರೆ ಲೆನ್ಸ್ ಕೊಳ್ಳಬೇಕು ಅನ್ನುವುದು ಅವನ ಜೀವನದ ಆಸೆ. ಕೊಳ್ಳುವುದಕ್ಕಿಂತ ಆರಿಸುವುದರಲ್ಲೇ ಅವನಿಗೆ ಹೆಚ್ಚು ಸುಖ ಅಂತ ಹೆಂಡತಿಯ ಅನುಮಾನ.

ಅವನು ಆರಿಸುವುದನ್ನು ನೋಡಬೇಕು! ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮಾರುವ ಅಜ್ಜನ ಅಂಗಡಿಗೆ ಒಮ್ಮೆ ಅವಳೂ ಹೋಗಿದ್ದಳು. ಈ ಮಹಾಶಯ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವ ಮೊದಲು ಕಿವಿಗೆ ಹಿಡಿದ. ಕ್ಲಿಕ್ ಮಾಡಿದ, ಕೇಳಿದ, ತಲೆಯಾಡಿಸಿದ. ಲಿಫ್ಟಿನ ಮೋಟರಿಗೆ ಕಿವಿ ಕೊಟ್ಟು ಅಭ್ಯಾಸ, ಏನು ಮಾಡುವುದು. ಆಮೇಲೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಎಲ್ಲಾದರೂ ಬೂಷ್ಟು ಹಿಡಿದಿದೆಯಾ ಅಂತ ಮೂಲೆ ಮೂಲೆ ಜಾಲಾಡಿದ. ಒಂದನ್ನು ಕೈಯಲ್ಲಿ ತೂಗಿದ, ಇನ್ನೊಂದನ್ನು ತೂಗಿದ, ಎರಡನ್ನೂ ವಾಪಸ್ಸಿಟ್ಟ.

“ನನ್ನ ಮದ್ವೆ ಆಗೋವಾಗ ಇಷ್ಟೆಲ್ಲಾ ನೋಡಿದ್ರಾ?” ಅಂತ ಅವಳು ಕೇಳಿದಳು.

“ಆಗ ಟಾರ್ಚ್ ಇರ್ಲಿಲ್ಲ ಕಣೇ” ಅಂದ. ಅಜ್ಜ ಕೆಮ್ಮು ಬರುವಷ್ಟು ನಕ್ಕ. ಇವಳು ಮನೆಯವರೆಗೂ ಅವನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ, ಮಗಳ ವಿಷಯ ಬರದಿದ್ದರೆ. ಒಬ್ಬಳೇ ಮಗಳು, ಹೈಸ್ಕೂಲು. ಓದಿನಲ್ಲಿ ಪರವಾಗಿಲ್ಲ, ಮನೆಗೆಲಸದಲ್ಲಿ ದೇವರಿಗೇ ಪ್ರೀತಿ, ಆದರೆ ಉದ್ದಜಿಗಿತದಲ್ಲಿ ಅವಳಿಗೆ ಅವಳೇ ಸಾಟಿ. ಓಡಿ ಬಂದು ಹಲಗೆ ಮೇಲೆ ಕಾಲು ಊರಿ ಎದ್ದಳೆಂದರೆ ನೋಡುವವರ ಉಸಿರೂ ಜೊತೆಗೇ ಎದ್ದುಬಿಡುತ್ತಿತ್ತು. ಒಂದು ಸಲ ಪಂದ್ಯದಲ್ಲಿ ಅಪ್ಪ ಮೈದಾನದಂಚಿನ ಮೆಟ್ಟಿಲ ಮೇಲೆ ಕೂತು, ಅಷ್ಟು ದೂರದಿಂದ, ಆ ಹಳೇ ಲೆನ್ಸನ್ನೇ ಪೂರ್ತಿ ಎಳೆದು ಒಂದು ಫೋಟೋ ತೆಗೆದ. ಮಗಳು ಗಾಳಿಯಲ್ಲಿದ್ದಾಳೆ, ಬಾಯಿ ಅಗಲವಾಗಿ ತೆರೆದಿದೆ, ಕಣ್ಣು ಹೊರಗೆ ಬಂದಿದೆ, ಕೆನ್ನೆ ಉಬ್ಬಿದೆ, ಕೈಕಾಲು ನಾಲ್ಕು ದಿಕ್ಕಿಗೆ. ಅದರ ಮೇಲೆ ಪೂರ್ತಿ ಮಬ್ಬು. ಅಪ್ಪನ ಕಣ್ಣಿಗೆ ಮಾತ್ರ ಹಾರುತ್ತಿರುವ ಮಗಳು ಕಂಡಳು. ಎದೆಯುಬ್ಬಿಸಿಕೊಂಡು ನೆಂಟರ ಗ್ರೂಪಿಗೆ ಕಳಿಸಿಬಿಟ್ಟ. ಜೀವಮಾನದಲ್ಲಿ ‘ತಡಿ’ ಅನ್ನಲೇಬೇಕಾಗಿದ್ದ ಒಂದೇ ಒಂದು ಗಳಿಗೆಯಲ್ಲಿ ಪುಣ್ಯಾತ್ಮ ತಡೆಯಲಿಲ್ಲ.

ಅವನ ತಂಗಿಯ ಮಗ ಅದೇ ಸ್ಕೂಲು. ಅವನು ಆ ಫೋಟೋ ಕೆಳಗೆ ‘ಕಪ್ಪೆ’ ಅಂತ ಬರೆದು ಕ್ಲಾಸಿಗೆಲ್ಲ ಹಂಚಿದ. ಮಾರನೆಯ ದಿನ ಮಗಳು ಮೆಟ್ಟಿಲು ಹತ್ತಿದರೆ ವಟರ್ ವಟರ್, ಮೈದಾನಕ್ಕೆ ಇಳಿದರೆ ವಟರ್ ವಟರ್. ಆ ತಂಗಿ ಬಂದು ಮಗನ ಕಿವಿ ಹಿಂಡಿ ಕ್ಷಮೆ ಕೇಳಿಸಿದಳು. ಏನು ಬಂತು? ಹೆಸರು ಅಂಟಿಕೊಂಡಾಗಿತ್ತು.

ಅವತ್ತಿನಿಂದ ಹುಡುಗಿ ಬಾಯಿ ಮುಚ್ಚಿಕೊಂಡು ಹಾರತೊಡಗಿದಳು. ತುಟಿ ಬಿಗಿ ಹಿಡಿದು, ಗಲ್ಲ ಕೆಳಗಿಟ್ಟು, ಯಾರು ನೋಡುತ್ತಿದ್ದಾರೆ ಅಂತ ಓರೆಗಣ್ಣು ಬಿಡುತ್ತಾ. ಹಾರುವುದಕ್ಕಿಂತ ಮೊದಲೇ ಬಿದ್ದಿರುತ್ತಾಳೆ ಅಂತ ಕೋಚ್ ತಲೆ ಮೇಲೆ ಕೈ ಹೊತ್ತರು. ಒಂದು ಸಂಜೆ ಬೂಟು ಮೂಲೆಗೆಸೆದು, “ಈ ಸೀಸನ್ ಮುಗಿದ ಮೇಲೆ ಬಿಟ್ಟುಬಿಡ್ತೀನಿ. ಯಾರೂ ಏನೂ ಹೇಳ್ಬೇಡಿ” ಅಂದಳು.

ಮಗಳಿಗೆ ಏನೂ ಹೇಳುವಂತಿಲ್ಲವಲ್ಲ, ತಾಯಿ ಸಿಟ್ಟನ್ನೆಲ್ಲ ಗಂಡನ ಮೇಲೆ ಸುರಿದಳು. “ನಿಮ್ಮ ಹಾಳು ಫೋಟೋದಿಂದ ನನ್ನ ಮಗಳ ರೆಕ್ಕೆ ಮುರೀತು. ಆ ಡಬ್ಬಾ ತಗೊಂಡು ಹೋಗಿ ನಿಮ್ಮ ಲಿಫ್ಟಿನ ಗುಂಡಿಗೆ ಎಸೀರಿ!” ರಾತ್ರಿ ಅವನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು, ಸ್ವಲ್ಪ ಪಾಪ ಅನ್ನಿಸಿತು ಕೂಡ.

ಅವನ ಲೆಕ್ಕ ಸರಳ. ಫೋಟೋ ಮಬ್ಬಾಗಿದ್ದಕ್ಕೇ ಮಗಳು ಕಪ್ಪೆಯಾಗಿ ಕಂಡದ್ದು. ಒಳ್ಳೇ ಲೆನ್ಸ್ ಇದ್ದಿದ್ದರೆ ತಾನು ಕಂಡದ್ದನ್ನೇ ಊರೂ ಕಾಣುತ್ತಿತ್ತು. ವರ್ಷಗಟ್ಟಲೆ ಆರಿಸುತ್ತಾ ಕೂತವನು ಮಾರನೆಯ ದಿನವೇ ಅಜ್ಜನ ಅಂಗಡಿಗೆ ಹೋದ.

“ಓಡೋದು, ಹಾರೋದು ತೆಗೀಬೇಕು. ತುಂಬಾ ಫಾಸ್ಟ್ ಇರೋ ಲೆನ್ಸ್ ಕೊಡಿ.”

“ಇದಕ್ಕಿಂತ ಫಾಸ್ಟ್ ಲೆನ್ಸ್ ನನ್ನ ಹತ್ರ ಇಲ್ಲಪ್ಪ” ಅಂತ ಅಜ್ಜ ಒಂದು ಗಿಡ್ಡ, ದಪ್ಪ ಲೆನ್ಸ್ ಮುಂದಿಟ್ಟ. ಈ ಸಲ ಇವನು ಕಿವಿಗೆ ಹಿಡಿಯಲಿಲ್ಲ, ಟಾರ್ಚ್ ಬಿಡಲಿಲ್ಲ. ಅವಸರದಲ್ಲಿ ಕೊಂಡು ತಂದ.

‘ಒಂದು ಫೋಟೋ ತೆಗೀಲಾ’ ಅಂತ ಮಗಳನ್ನು ಕೇಳಿದ, ಮೊದಲ ಸಲ ಅಪ್ಪಣೆ ಕೇಳುವ ಧಾಟಿಯಲ್ಲಿ. ಅವಳು ಬಹಳ ಹೊತ್ತು ಬೂಟಿನ ದಾರ ಕಟ್ಟುತ್ತಾ ಕೂತು, “ಒಂದೇ ಒಂದು. ಅದೂ ಕೆಟ್ಟದಾಗಿ ಬಂತೋ, ಇನ್ನು ಜನ್ಮದಲ್ಲಿ ನನ್ನ ಕಡೆ ಕ್ಯಾಮೆರಾ ಎತ್ತಬಾರದು” ಅಂದಳು.

ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮಗಳು ಓಡಿದಳು, ಹಾರಿದಳು, ಅವನು ಒತ್ತಿದ. ಕ್ಯಾಮೆರಾದ ಹಿಂದಿನ ಪರದೆ ನೋಡಿದರೆ ಮೈದಾನ ಇದೆ, ಆಕಾಶ ಇದೆ, ಆ ಕಡೆ ಗೋಡೆ ಇದೆ. ಮಗಳು? ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ಇಂಗು ತಿಂದ ಮಂಗ ಅನ್ನುತ್ತಾರಲ್ಲ, ಅವನ ಮುಖ ಥೇಟ್ ಹಾಗೇ ಆಯಿತು.

“ಇದೇನ್ರೀ ಫಾಸ್ಟು? ಲೆನ್ಸು ನಮ್ಮನ್ನ ಬಿಟ್ಟು ಹಿಂದಕ್ಕೆ ಓಡಿದ ಹಾಗಿದೆ!” ಅಂದಳು ಹೆಂಡತಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಗಳು ಬಂದು ಪರದೆ ನೋಡಿದಳು. “ಆಯ್ತಲ್ಲ” ಅಂದು ಚೀಲ ಎತ್ತಿಕೊಂಡು ಹೊರಟಳು.

ಅಜ್ಜನ ಅಂಗಡಿಗೆ ಈ ಸಲ ಹೆಂಡತಿಯೇ ಮುಂದೆ, ಜಗಳಕ್ಕೆ ಸೆರಗು ಬಿಗಿದು. ಅಜ್ಜ ಪೂರ್ತಿ ಕೇಳಿ ಹಣೆ ಹಣೆ ಚಚ್ಚಿಕೊಂಡ. “ಫಾಸ್ಟ್ ಅಂದ್ರೆ ಬೆಳಕು ಫಾಸ್ಟು ತಾಯಿ! ಇದರ ಕಿಂಡಿ ದೊಡ್ಡದು, ಬೆಳಕು ಬೇಗ ತುಂಬ್ಕೊಳ್ಳುತ್ತೆ. ಸಂಜೆಗತ್ತಲಲ್ಲೂ ಹಾರೋದನ್ನ ಹಿಡಿದು ನಿಲ್ಲಿಸುತ್ತೆ. ಆದ್ರೆ ದೂರದ್ದನ್ನ ಹತ್ತಿರ ಎಳೆಯಲ್ಲ. ಹತ್ತಿರ ಬೇಕಂದ್ರೆ ನೀವೇ ನಡ್ಕೊಂಡು ಹೋಗ್ಬೇಕು.” ಆಮೇಲೆ ಕಪಾಟಿನಿಂದ ಮೊಳದುದ್ದದ ಲೆನ್ಸ್ ತೆಗೆದಿಟ್ಟ. “ಮೆಟ್ಟಿಲ ಮೇಲಿಂದ ತೆಗೆಯೋಕೆ ಇದು. ಅದನ್ನ ಕೊಟ್ಟು ಇದನ್ನ ತಗೊಂಡು ಹೋಗಿ, ಮುಗೀತು.”

ಅವಳು ಆಗಲೇ ಕೈ ಚಾಚಿದ್ದಳು. ಗಂಡ “ತಡೀರಿ” ಅಂದ. ಉದ್ದ ಲೆನ್ಸನ್ನು ಕಣ್ಣಿಗಿಟ್ಟು ಬೀದಿ ನೋಡಿದ. ಎದುರು ಅಂಗಡಿಯವನು ಮೂಗು ಕೆರೆದುಕೊಳ್ಳುವುದು ಅಂಗೈಯಲ್ಲಿ ಹಿಡಿದಷ್ಟು ಹತ್ತಿರ ಕಂಡಿತು. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಆ ಅಂಗಡಿಯವನಿಗೆ ಗೊತ್ತೇ ಇಲ್ಲ. ಲೆನ್ಸನ್ನು ಮೆಲ್ಲಗೆ ಕೆಳಗಿಟ್ಟ.

“ಬೇಡ ಅಜ್ಜ. ದೂರ ಕೂತು, ಮಗಳಿಗೆ ಗೊತ್ತಾಗದ ಹಾಗೆ ತೆಗೆದಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ನಂಗೆ ಗಿಡ್ಡದ್ದೇ ಇರ್ಲಿ.”

ಇಷ್ಟು ಒಳ್ಳೇ ಮಾತು ಆ ಬಾಯಿಂದ ಬರುತ್ತದೆ ಅಂತ ಅವಳು ಎಣಿಸಿರಲಿಲ್ಲ. ಅಂಗಡಿಯಲ್ಲಿ ಮಾತ್ರ ಮೂಗು ಮುರಿದಳು, ಅಭ್ಯಾಸಬಲ.

ಆದರೆ ಹತ್ತಿರ ಹೋಗುವುದು ಹೇಗೆ? ಮರಳಿನ ಗುಂಡಿಯ ಬಳಿ ಅಪ್ಪ ಅಮ್ಮಂದಿರನ್ನು ಬಿಡುವುದಿಲ್ಲ. ಅಲ್ಲಿ ನಿಲ್ಲುವವರು ಕೋಚು, ಅಳತೆ ಹಿಡಿಯುವವರು, ಮತ್ತೆ ಒಬ್ಬೊಬ್ಬರು ಹಾರಿದ ಮೇಲೂ ಮರಳು ಸಮ ಮಾಡುವವನು. ಉದ್ದ ಕೋಲಿಗೆ ಕಬ್ಬಿಣದ ಹಲ್ಲು ಬಡಿದ ರೇಕು ಹಿಡಿದು ಬಿಸಿಲಲ್ಲಿ ಎಳೆಯುತ್ತಲೇ ಇರಬೇಕು, ಯಾರಿಗೂ ಬೇಡದ ಕೆಲಸ. ತಡಿಯಣ್ಣ ಹೋಗಿ ಕೋಚನ್ನು ಕೇಳಿದ. ಸಂಬಳ ಬೇಡ, ತಿಂಡಿ ಬೇಡ, ಬೇರೆ ಹುಡುಗಿಯರೂ ಮನೆಯವರೂ ಒಪ್ಪಿದರೆ ನಡುವೆ ನಾಲ್ಕು ಫೋಟೋ ತೆಗೆದುಕೊಳ್ಳುತ್ತೇನೆ ಅಂದ. ಕೋಚಿಗೆ ಕುಣಿದಾಡುವಷ್ಟು ಖುಷಿ.

ಮಗಳು ಕೆಂಡವಾದಳು. “ಅಮ್ಮಾ, ಅಪ್ಪಂಗೆ ಹೇಳು! ನನ್ನ ಕಡೆ ಕ್ಯಾಮೆರಾ ತಿರುಗಿಸಿದ್ರೆ ಅಲ್ಲಿಂದಲೇ ಎದ್ದು ಮನೆಗೆ ಬರ್ತೀನಿ.”

“ತಿರುಗಿಸಲ್ಲ” ಅಂದ ಅಪ್ಪ. ಅಷ್ಟೇ.

ಸೀಸನ್ ಮುಗಿಯುತ್ತಾ ಬಂತು. ಲಿಫ್ಟಿನ ಕೆಲಸ ಮುಗಿಸಿ, ಎಣ್ಣೆ ಕೈ ಒರೆಸಿಕೊಂಡು, ಸಂಜೆ, ಸುತ್ತಲ ಸ್ಕೂಲಿನ ಹುಡುಗಿಯರೆಲ್ಲ ಅಭ್ಯಾಸಕ್ಕೆ ಬರುವ ಮೈದಾನಕ್ಕೆ ಹೋಗುತ್ತಿದ್ದ. ಬೆನ್ನು ಹಿಡಿದುಕೊಂಡು ವಾಪಸ್ ಬರುತ್ತಿದ್ದ. ಅಂಗೈಯಲ್ಲಿ ಬೊಬ್ಬೆ, ಕಿವಿಯೊಳಗೆ ಮರಳು. ಹೆಂಡತಿ ಬೊಬ್ಬೆಗೆ ಎಣ್ಣೆ ಸವರುತ್ತಾ, “ಈ ವಯಸ್ಸಲ್ಲಿ ಯಾಕ್ರೀ ಈ ಗ್ರಹಚಾರ?” ಅಂತ ಬೈಯುತ್ತಿದ್ದಳು. ಬೈದದ್ದು ಹೌದು, ಆದರೆ ಒಳಗೊಳಗೇ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಈ ಮನುಷ್ಯನಿಗೆ ಇಷ್ಟು ಛಲ ಎಲ್ಲಿತ್ತು!

ಕೊನೆಯ ಪಂದ್ಯಕ್ಕೆ ಕೆಲವು ದಿನ ಇರುವಾಗ ಅವನು ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದ. ಕೋಚಿಗೆ ಕೊಡುವುದಕ್ಕೆ. ಹರಡುವುದಕ್ಕೆ ಬೇರೆ ಜಾಗ ಇಲ್ಲದೆ ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಸಾಲಾಗಿ ಇಟ್ಟ. ಅವಳು ಕತ್ತರಿ ಕೈಯಲ್ಲೇ ಹಿಡಿದು ಬಗ್ಗಿ ನೋಡಿದಳು, ನೋಡಿದವಳು ಹಾಗೇ ನಿಂತುಬಿಟ್ಟಳು.

ಅಬ್ಬಾ! ಹುಡುಗಿಯರೆಲ್ಲ ಗಾಳಿಯಲ್ಲಿದ್ದರು. ಹಿಂದೆ ಸಂಜೆ ಕರಗಿ ಬರೀ ಬಣ್ಣವಾಗಿತ್ತು. ಹುಬ್ಬಿನ ಬೆವರು, ಮೊಣಕಾಲಿಗೆ ಮೆತ್ತಿದ ಮರಳಿನ ಕಾಳು ಸಹ ಎಣಿಸಬಹುದಿತ್ತು. ಮತ್ತೆ ಅವರ ಬಾಯಿ! ಒಬ್ಬಳ ಬಾಯಿ ಕಿವಿಯವರೆಗೆ, ಒಬ್ಬಳ ಕಣ್ಣುಗುಡ್ಡೆ ಹೊರಗೆ, ಒಬ್ಬಳ ಕೆನ್ನೆ ಉಬ್ಬಿ ಇಷ್ಟು ದಪ್ಪ. ಒಬ್ಬರ ಮುಖವೂ ನೆಟ್ಟಗಿಲ್ಲ. ಆದರೂ ಕಣ್ಣು ಕೀಳಲು ಆಗದಷ್ಟು ಚೆಂದ.

ನೀರು ಕುಡಿಯಲು ಒಳಗೆ ಬಂದ ಮಗಳು ಮೇಜಿನ ಹತ್ತಿರ ನಿಂತಳು. ಒಂದು ಫೋಟೋ ಎತ್ತಿಕೊಂಡಳು. ಬೇರೆ ಸ್ಕೂಲಿನ ಉದ್ದಜಡೆಯ ಹುಡುಗಿ, ಪ್ರತಿ ಸಲ ಮೊದಲು ಬರುವವಳು, ಇವಳು ಮನಸ್ಸಿನಲ್ಲೇ ದೇವರ ಹಾಗೆ ಇಟ್ಟುಕೊಂಡವಳು. ಜಡೆ ನೆಟ್ಟಗೆ ಮೇಲೆದ್ದಿತ್ತು. ಬಾಯಿ ಎಲ್ಲರಿಗಿಂತ ದೊಡ್ಡದಾಗಿ ತೆರೆದಿತ್ತು.

“ಇವಳೂ...” ಅಂದಳು ಮಗಳು.

“ಎಲ್ರೂ” ಅಂದ ಅಪ್ಪ. “ಉಸಿರು ಎಲ್ಲಿಂದ ಹೋಗ್ಬೇಕು ಮತ್ತೆ?”

ಹುಡುಗಿ ಒಂದೊಂದೇ ಎತ್ತಿ ನೋಡಿದಳು. ಸಾಲು ಮುಗಿಯಿತು. ಮತ್ತೆ ಮೊದಲಿನಿಂದ ನೋಡಿದಳು, ಈ ಸಲ ಹುಡುಕುತ್ತಾ. ಪ್ರಿಂಟುಗಳ ಕೆಳಗೆ, ಬಟ್ಟೆಯ ತುಂಡುಗಳ ಕೆಳಗೆ, ಕವರಿನೊಳಗೆ.

“ಅಪ್ಪಾ, ನಂದು?”

“ಇಲ್ಲ ಪುಟ್ಟಿ.”

“ಒಂದೂ?”

“ನೀನು ಓಡೋಕೆ ನಿಂತ ತಕ್ಷಣ ಕ್ಯಾಮೆರಾ ಚೀಲಕ್ಕೆ ಹಾಕ್ತಿದ್ದೆ. ಕೈಯಲ್ಲಿದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ನಂಗೆ.”

ಹೆಂಡತಿ ಕತ್ತರಿ ಮೇಜಿನ ಮೇಲಿಟ್ಟಳು. ಅಷ್ಟು ಹತ್ತಿರ ನಿಂತು, ಅಂಥ ಲೆನ್ಸ್ ಇಟ್ಟುಕೊಂಡು, ಊರ ಮಕ್ಕಳನ್ನೆಲ್ಲ ತೆಗೆದು, ತನ್ನ ಮಗಳು ಹಾರಿ ಬರುವಾಗ ಬರಿಗೈಯಲ್ಲಿ ನಿಂತಿದ್ದನಲ್ಲ! ಎಷ್ಟು ಸಂಜೆ ನಿಂತಿದ್ದನೋ. ಒಂದು ದಿನವೂ ಹೇಳಿಕೊಳ್ಳಲಿಲ್ಲ.

ಮಗಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ಎಲ್ಲರದ್ದೂ ತೆಗೆದಿದ್ದೀಯ, ನಂದೊಂದೇ ಇಲ್ವಾ? ಏನಪ್ಪಾ ನೀನು!” ಅಂತ ಅವನ ಎದೆಗೆ ಗುದ್ದಿದಳು. ಮೂಗು ಒರೆಸಿಕೊಂಡು ಬೂಟು ಹುಡುಕತೊಡಗಿದಳು. “ಎದ್ದೇಳು. ಈಗ್ಲೇ. ಬೆಳಕಿದೆ ಇನ್ನೂ.”

ಅಭ್ಯಾಸ ಮುಗಿದು ಮೈದಾನ ಖಾಲಿಯಾಗಿತ್ತು. ರೇಕು, ಕ್ಯಾಮೆರಾ ಎರಡನ್ನೂ ಅವನೊಬ್ಬನಿಂದ ಹಿಡಿಯಲಾಗುವುದಿಲ್ಲವಲ್ಲ, ಹೆಂಡತಿ ರೇಕು ಕಿತ್ತುಕೊಂಡಳು. ಸೆರಗು ಸಿಕ್ಕಿಸಿ ಗುಂಡಿಯ ಈ ಬದಿ ನಿಂತಳು. ಆ ಬದಿ ಅವನು ಮೊಣಕಾಲೂರಿ ಕೂತ. ದೂರದಲ್ಲಿ ಮಗಳು ಎರಡು ಸಲ ಕುಣಿದು, ಹೊರಟಳು. ಬರುತ್ತಾ ಬರುತ್ತಾ ಹೆಜ್ಜೆ ಸದ್ದು ತಾಯಿಯ ಎದೆಯಲ್ಲೇ ಕೇಳಿಸಿತು. ಹಲಗೆ ಧಡಕ್ಕೆಂದಿತು. ಹುಡುಗಿ ಬಾಯಿ ಪೂರ್ತಿ ತೆರೆದು, ಕಣ್ಣು ಅರಳಿಸಿ, ಕೈಕಾಲೆಲ್ಲ ಬೀಸಿ ಎದ್ದಳು. ಬಾಯಿ ತೆರೆದ ಈ ಮುಖವನ್ನು ತಾಯಿ ಇಷ್ಟು ಹತ್ತಿರದಿಂದ ನೋಡಿದ್ದು ಹೆರಿಗೆ ಕೋಣೆಯಲ್ಲಿ ಒಂದು ಸಲ ಮಾತ್ರ.

ಮರಳು ಸಿಡಿಯಿತು. ಮಗಳು ಬಿದ್ದ ಗುರುತು ಎಲ್ಲಿತ್ತೆಂದರೆ, ಅಲ್ಲಿಯವರೆಗೆ ಮರಳು ಸಮ ಮಾಡುವ ಅಗತ್ಯವೇ ಈವರೆಗೆ ಬಿದ್ದಿರಲಿಲ್ಲ. ತಾಯಿ ರೇಕು ಎತ್ತಿದಳು, ಎಳೆಯಲು ಮನಸ್ಸು ಬರಲಿಲ್ಲ. ಅಳಿಸಿ ಹಾಕುವುದು ಹೇಗೆ ಇದನ್ನು?

ಮಗಳು ಫೋಟೋ ಹೇಗೆ ಬಂದಿದೆ ಅಂತ ನೋಡಲೂ ಇಲ್ಲ. ಮೈ ಕೊಡವಿಕೊಂಡು ಆಗಲೇ ಓಟದ ಗೆರೆಯ ಕಡೆ ಹೊರಟಿದ್ದಳು.

“ಅಳಿಸಮ್ಮಾ ಬೇಗ,” ಅಲ್ಲಿಂದಲೇ ಕೂಗಿದಳು, “ಇನ್ನೊಂದು ಹಾರ್ತೀನಿ!”