ನೂರಾ ಒಂದು ತೂತಿನ ತಗಡು

ವಯಸ್ಸು ಐವತ್ತೆರಡಾದರೂ ಜೆ.ಪಿ. ನಗರದ ತಿರುಮಲೇಶನಿಗೆ ಯಾರಿಗೂ 'ಆಗಲ್ಲ' ಎಂದು ಹೇಳಿ ಅಭ್ಯಾಸವಿರಲಿಲ್ಲ. ಹೆಂಡತಿ ಸುರಭಿ ಹೇಳುವಂತೆ, ಕಳ್ಳ ಬಂದು ಬೀರುವಿನ ಕೀಲಿ ಕೇಳಿದರೂ "ಆಯ್ತು, ಕೂತ್ಕೊಳ್ಳಿ, ಹುಡುಕ್ತೀನಿ" ಎನ್ನುವ ಪೈಕಿ. ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ತಗಡಿನ ಪೆಟ್ಟಿಗೆಗಳನ್ನು ಡಿಸೈನ್ ಮಾಡುವುದು ಅವನ ಕಸುಬು. ತೆರೆಯ ಮೇಲೆ ಅವನು ಬರೆಯುವ ಕ್ಯಾಡ್ ಮಾಡೆಲ್ಲೂ ಅವನಂಥದ್ದೇ. ಗಾಳಿಯಾಡುವ ತೂತುಗಳಿಗೆ ಒಮ್ಮೆ ಸೂತ್ರ ಬರೆದಿಟ್ಟರೆ ಮುಗಿಯಿತು. ಪೆಟ್ಟಿಗೆಯ ಅಗಲ, ತೂತಿನ ಗಾತ್ರ, ಎಣಿಕೆ, ಯಾವ ಅಂಕಿ ಬದಲಿಸಿದರೂ ಉಳಿದದ್ದೆಲ್ಲ ಮರುಮಾತಿಲ್ಲದೆ ಸರಿದು ಕೂರುತ್ತಿತ್ತು.

ಬನಶಂಕರಿ ಎರಡನೇ ಸ್ಟೇಜಿನ ಸತ್ಯಭಾಮಾ ಅವರಿಗೆ ಮನೆಯ ಮೆಟ್ಟಿಲ ಕೆಳಗೆ ಇನ್ವರ್ಟರ್ ಬ್ಯಾಟರಿ ಇಡಲು ಒಂದು ಪೆಟ್ಟಿಗೆ ಬೇಕಿತ್ತು.

"ತೂತು ನೂರಾ ಒಂದು ಇರ್ಲಿ. ನೂರು ಅಂದ್ರೆ ಅಲ್ಲಿಗೆ ಮುಗ್ದುಹೋಯ್ತು ಅಂತ. ನಾವು ಮದುವೆಗೆ ಮುಯ್ಯಿ ಕೂಡ ಬರೀ ನೂರು ಹಾಕಲ್ಲ."

"ಆಯ್ತು ಮೇಡಂ."

ಹತ್ತು ಸಾಲು, ಸಾಲಿಗೆ ಹತ್ತು. ಮಿಕ್ಕ ಒಂದನ್ನು ಸಾಲುಗಳ ಮೇಲೆ, ನಡುವೆ, ಹಣೆಯ ಬೊಟ್ಟಿನಂತೆ ಇಟ್ಟ. ಎಣಿಕೆ ಬದಲಾಗದಂತೆ ಕಟ್ಟಿಹಾಕಿದ. ವಾರದ ಮೇಲೆ ಆಕೆಯ ಫೋನು ಬಂತು: ಅದೇ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡೂ ಬರಬೇಕು, ಪೆಟ್ಟಿಗೆಯ ಅಗಲ ಅರ್ಧ ಮಾಡಿ, ತೂತು ಮಾತ್ರ ಹಾಗೇ ಇರಲಿ. "ಆಯ್ತು ಮೇಡಂ." ಅಂಕಿ ಬದಲಿಸಿದೊಡನೆ ತೂತುಗಳು ಬೆಳಗಿನ ಬಿಎಂಟಿಸಿ ಬಸ್ಸಿನ ಜನರಂತೆ ಒತ್ತಿಕೊಂಡು ನಿಂತವು. ನಡುವೆ ಉಳಿದ ತಗಡು ನೂಲೆಳೆಯಷ್ಟು. ಇದು ತಡೆಯುತ್ತದೆಯೇ ಎಂಬ ಅನುಮಾನ ತಿರುಮಲೇಶನಿಗೆ ಹುಟ್ಟಿತು. ಕಾಫಿ ಕುಡಿದ ಮೇಲೆ ಅದು ಅಡಗಿತು.

ತಗಡು ಕತ್ತರಿಸಿ ಬಗ್ಗಿಸುವವನು ಸುಬ್ರಹ್ಮಣ್ಯಪುರದ ಬೈರಣ್ಣ. ಅಪ್ಪ ರಾಗಿ ಬೆಳೆದ ನೆಲದಲ್ಲೇ ಅವನ ಶೆಡ್ಡು. ಡ್ರಾಯಿಂಗ್ ನೋಡಿ ಅವನೂ ಫೋನ್ ಮಾಡಿದ.

"ಸಾರ್, ಏನಿದು ಜರಡಿ ಇದ್ದಂಗದೆ? ಬಗ್ಗಿಸಿದ್ರೆ ತಡೀತದಾ?"

"ಆಯ್ತು ಬೈರಣ್ಣ, ಮಾಡಿ."

ತಡೆಯಲಿಲ್ಲ. ಮೆಷಿನ್ನು ಒತ್ತಿದ ಕೂಡಲೇ ತಗಡು ಸೀರೆ ಹರಿದಂತೆ ಪರ್ರನೆ ಸೀಳಿ, ಚಿಮ್ಮಿ, ಬೈರಣ್ಣನ ಹುಬ್ಬನ್ನು ಕೊಯ್ದುಕೊಂಡು ಗೋಡೆಗೆ ಬಡಿಯಿತು. ರಕ್ತ ಅಂಗಿಯಿಡೀ ಇಳಿಯಿತು. ಹೊಲಿಗೆ ಹಾಕಿದ ಡಾಕ್ಟರು ಕಣ್ಣು ಉಳಿದದ್ದು ಕೂದಲೆಳೆಯ ಅಂತರದಲ್ಲಿ ಎಂದರು. ಬೈರಣ್ಣ ಅದೇ ಅಂಗಿಯಲ್ಲಿ ಸ್ಕೂಟರ್ ಹತ್ತಿ ನೇರ ಜೆ.ಪಿ. ನಗರಕ್ಕೆ ಬಂದ.

ಬಂದವನೇ ಕೈ ಬೀಸಿದ. ಮೊದಲ ಏಟಿಗೆ ತಿರುಮಲೇಶನ ಕನ್ನಡಕ ಕಿಟಕಿಯಾಚೆ ಹೋಯಿತು, ಎರಡನೆಯದಕ್ಕೆ ತುಟಿ ಒಡೆಯಿತು, ಮೂರನೆಯದಕ್ಕೆ ಅವನೂ ಕುರ್ಚಿಯೂ ಒಟ್ಟಿಗೆ ಉರುಳಿದರು. ಇಷ್ಟಾದರೂ ಬೈರಣ್ಣ ಮರ್ಯಾದೆ ಬಿಡಲಿಲ್ಲ.

"ನಿಮ್ಮ ಮೂತಿ ಒಡೀತೀನಿ ಸಾರ್!"

"ಒಡೆದಿದೆ ಬೈರಣ್ಣ!"

"ಇನ್ನೊಂದು ಬದಿ ತಗಡು ಬಗ್ಗಿಸೋದು ಬಾಕಿ ಅದೆ. ನಡೀರಿ, ಮೆಷಿನ್ ಮುಂದೆ ನಿಮ್ಮ ಕಣ್ಣಿಟ್ಕಂಡು ನಿಂತ್ಕಳಿ!" ಎಂದು ಕಾಲರ್ ಹಿಡಿದು ಮೆಟ್ಟಿಲತ್ತ ಎಳೆದ. ತಿರುಮಲೇಶ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ. ಅಂಗಿ ಹರಿಯಿತು. ಸುರಭಿ ಓಡಿ ಬಂದು ಬೈರಣ್ಣನ ಬೆನ್ನಿಗೆ ಲಟ್ಟಣಿಗೆಯಲ್ಲಿ ನಾಲ್ಕು ಬಿಗಿದಳು. ಅವನು ತಿರುಗಿದಾಗ ಬ್ಯಾಂಡೇಜಿನಿಂದ ರಕ್ತ ಜಿನುಗಿ ಕಣ್ಣಿಗಿಳಿಯುತ್ತಿತ್ತು. ಕೈಯಲ್ಲಿ ಒರೆಸಿಕೊಂಡು, "ಕಾಣ್ತದಾ ಅಂತ ಗಳಿಗೆಗೊಂದು ಸಲ ಮುಚ್ಚಿ ತೆಗೆದು ನೋಡ್ತಿದೀನಿ ಅಕ್ಕ," ಎಂದ. ಲಟ್ಟಣಿಗೆ ಕೆಳಗಿಳಿಯಿತು.

ತಿರುಮಲೇಶ ಎದ್ದು, ಕನ್ನಡಕವಿಲ್ಲದೆ, ತೆರೆಗೆ ಮೂಗು ತಾಗಿಸಿ ಕೂತ. ಎರಡು ತೂತುಗಳ ನಡುವೆ ಕನಿಷ್ಠ ಇಷ್ಟು ತಗಡು ಉಳಿಯಲೇಬೇಕು ಎಂದು ಹೊಸ ಷರತ್ತು ಬರೆದ. ಮಾಡೆಲ್ ಮೊದಲ ಬಾರಿಗೆ ಕೆಂಪಗಾಗಿ, ನೂರಾ ಒಂದು ಕೂರುವುದಿಲ್ಲ ಎಂದಿತು.

ಸತ್ಯಭಾಮಾ ಅವರಿಗೆ ಫೋನ್ ಮಾಡಲು ಹೋದರೆ, ಪೆಟ್ಟಿಗೆ ಏನಾಯಿತೆಂದು ಕೇಳಲು ಅವರೇ ಬಾಗಿಲಲ್ಲಿದ್ದರು.

"ಮೇಡಂ, ನೂರಾ ಒಂದು ಆಗಲ್ಲ."

"ಅಡ್ವಾನ್ಸ್ ಇಸ್ಕೊಂಡಾಗ ಆಗ್ತಿತ್ತಾ?" ಕೈಯಲ್ಲಿದ್ದ ಸ್ಟೀಲ್ ನೀರಿನ ಬಾಟಲಿ ಹಾರಿಬಂತು. ತಿರುಮಲೇಶನ ಭುಜಕ್ಕೆ ಬಿತ್ತು.

ಬೈರಣ್ಣ ನಡುವೆ ಬಂದು ನಿಂತ. "ಸಾರ್ ಮೈ ಮುಟ್ಬೇಡಿ ಮೇಡಂ. ಒಳ್ಳೆ ಮನುಷ್ಯರು."

ಆಕೆ ಇಬ್ಬರ ಮುಖಗಳನ್ನೂ ಆಗ ಸರಿಯಾಗಿ ನೋಡಿದರು. ತಗಡು ಸೀಳಿ ಹುಬ್ಬು ಕೊಯ್ದದ್ದನ್ನು ಸುರಭಿ ಹೇಳಿದಳು. ಸತ್ಯಭಾಮಾ ಬಗ್ಗಿ ಬಾಟಲಿ ಎತ್ತಿಕೊಂಡರು.

"ಐವತ್ತೊಂದು?"

'ಆಯ್ತು' ನಾಲಿಗೆಯ ತುದಿಗೆ ಬಂದಿತ್ತು. ತಿರುಮಲೇಶ ಊದಿದ ತುಟಿಯನ್ನು ಕಚ್ಚಿ ನೋವಿನಿಂದ ಮುಖ ಹಿಂಡಿದ.

"ಕೂತ್ಕೊಳ್ಳಿ ಮೇಡಂ. ಹಾಕಿ ನೋಡಿ ಹೇಳ್ತೀನಿ. ಬೈರಣ್ಣ, ನೀವೂ ಬನ್ನಿ, ಒಳ್ಳೆ ಕಣ್ಣಲ್ಲಿ ನೋಡಿ."