ಸಿಸ್ಟರ್, ನಿಮಗೂ ಕೇಳಿಸ್ತಾ?

ಮನೆಗೆ ಕರೆದ ಅತಿಥಿಗೆ ತುತ್ತು ಗಂಟಲಲ್ಲೇ ನಿಲ್ಲುವಂತೆ ಮಾಡುವುದು ಹೇಗೆ? ನನ್ನ ಗಂಡನನ್ನು ಕೇಳಿ. ಕಳೆದ ಶುಕ್ರವಾರ ಸೌದಿಯ ದಹ್ರಾನಿನ ನಮ್ಮ ಮನೆಯಲ್ಲಿ ಡೆಮೋ ಕೊಟ್ಟರು.

ಅತಿಥಿ ಝೊಹರಾ. ಉಳ್ಳಾಲದವಳು, ಯೆಮನ್‌ನ ಮಾನಸಿಕ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಯುದ್ಧ ಶುರುವಾದ ಮೇಲೆ ಹೇಗೋ ಊರು ಸೇರಿ, ಈಗ ಇಲ್ಲಿರುವ ಗಂಡನ ಬಳಿಗೆ ವಿಸಿಟ್ ವೀಸಾದಲ್ಲಿ ಬಂದಿದ್ದಾಳೆ. ಬಚಾವಾಗಿ ಬಂದವರನ್ನು ಊಟಕ್ಕೆ ಕರೆಯದೆ ಬಿಡುತ್ತೇವಾ? (ಗಂಡನಿಗೆ ಡ್ಯೂಟಿ, ಅವಳೊಬ್ಬಳೇ ಬಂದಳು.) ಕೋರಿರೊಟ್ಟಿ ಮಾಡಿದ್ದೆ. (ರೊಟ್ಟಿ ಊರಿನಿಂದ ಬಂದ ಪಾರ್ಸೆಲ್. ಅರ್ಧ ಪುಡಿಯಾಗಿತ್ತು.)

"ಒಂದು ಲೆಕ್ಕದಲ್ಲಿ ನಿನ್ನ ಪೇಶಂಟ್‌ಗಳೇ ಲಕ್ಕಿ ಮಾರಾಯ್ತಿ," ಎಂದರು ನನ್ನವರು, ರೊಟ್ಟಿಗೆ ಕೋಳಿಸಾರು ಹಾಕಿಕೊಳ್ಳುತ್ತ. "ತಲೆ ಸರಿ ಇಲ್ಲದವರಿಗೆ ಯುದ್ಧ ಎಂತ ಗೊತ್ತಾಗ್ತದೆ?"

ಮೇಜಿನಡಿ ಅವರ ಕಾಲು ತುಳಿದೆ. ತಡವಾಗಿತ್ತು.

ಝೊಹರಾ ಸಿಟ್ಟಾಗಲಿಲ್ಲ. ತಟ್ಟೆಯನ್ನು ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿಸಿದಳು.

"ನಮ್ಮ ವಾರ್ಡಲ್ಲಿ ಸಲ್ಮಾ ಅಂತ ಇದ್ದಳು ಅಕ್ಕ. ಯುದ್ಧಕ್ಕೆ ಎಷ್ಟೋ ಮೊದಲಿಂದ ಅವಳಿಗೆ ಒಂದೇ ಹೆದರಿಕೆ. ವಿಮಾನ ಬರ್ತದೆ, ಬಾಂಬ್ ಹಾಕ್ತದೆ ಅಂತ. ಆಕಾಶದಲ್ಲಿ ಎಂತದೂ ಇರ್ತಿರಲಿಲ್ಲ. ನಾನೊಂದು ರೂಲ್ ಹೇಳಿಕೊಟ್ಟಿದ್ದೆ. ಶಬ್ದ ಬಂದ ಕೂಡಲೇ ನನ್ನನ್ನು ಕೇಳು, ನನಗೆ ಕೇಳಿಸದಿದ್ರೆ ಅದು ನಿನ್ನ ಕಾಯಿಲೆ ಅಂತ. ದಿನಾ ಬಂದು 'ಸಿಸ್ಟರ್, ನಿಮಗೂ ಕೇಳಿಸ್ತಾ?' ಅಂತಿದ್ದಳು. ಇಲ್ಲ ಅಂದ್ರೆ ಸುಮ್ಮನೆ ಹೋಗಿ ಮಲಗ್ತಿದ್ದಳು. ಎಷ್ಟು ಹುಷಾರಾಗಿದ್ದಳು ಅಂದ್ರೆ, ಇನ್ನೇನು ಮನೆಗೆ ಕಳಿಸಬೇಕು."

"ಆಮೇಲೆ?" ಎಂದೆ.

"ಆಮೇಲೆ ವಿಮಾನ ಬಂತು."

ನನ್ನವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಓಡಿ ಬಂದು ಕೇಳಿದಳು. ನನ್ನ ಬಾಯಲ್ಲಿ ಅಭ್ಯಾಸದಿಂದ 'ಇಲ್ಲ' ಅಂತ ಬಂತು. ಅವಳು ನಗಾಡಿಕೊಂಡು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದಳು. ಎಲ್ಲರನ್ನೂ ಬೇಸ್‌ಮೆಂಟಿಗೆ ಇಳಿಸುವಾಗ ಅವಳೊಬ್ಬಳು ಬರುವುದಿಲ್ಲ. 'ನೀವೇ ಇಲ್ಲ ಅಂದ್ರಲ್ಲ!' ಎಳೆದುಕೊಂಡೇ ಹೋದ್ವಿ. ವಾಪಸ್ ಬಂದು ನೋಡಿದ್ರೆ ಅವಳ ಮಂಚದ ತುಂಬ ಕಿಟಕಿಯ ಗಾಜು. ಅವತ್ತಿನಿಂದ ನನ್ನ ಕೈಯಿಂದ ಮಾತ್ರೆ ತಗೊಳ್ಳಲಿಲ್ಲ. ಈಗ ಅಲ್ಲಿ ಯಾರ ಕೈಯಿಂದಲೂ ತಗೊಳ್ಳುವುದಿಲ್ಲವಂತೆ."

ಯುದ್ಧವೆಂದರೆ ಇಷ್ಟು ದಿನ ನನಗೆ ಟಿವಿಯಲ್ಲಿ ಕಂಡ ಹೆಣಗಳು, ಕುಸಿದ ಕಟ್ಟಡಗಳು. ಗುಣವಾಗುತ್ತಿದ್ದ ಹೆಂಗಸಿನ ಹುಚ್ಚನ್ನೇ ಅದು ನಿಜ ಮಾಡಿಬಿಟ್ಟರೆ? ಅಂಥ ಊರಿನಲ್ಲಿ ನರ್ಸ್ ಯಾವ ಬಾಯಲ್ಲಿ "ಹೆದರಬೇಡ" ಎನ್ನಬೇಕು?

ಆಗಲೇ ನಮ್ಮ ತಲೆಯ ಮೇಲೆ ಯುದ್ಧವಿಮಾನವೊಂದು ಮನೆ ನಡುಗಿಸಿಕೊಂಡು ಹಾರಿಹೋಯಿತು. (ಹತ್ತಿರದಲ್ಲೇ ಸೌದಿ ವಾಯುನೆಲೆ; ಯೆಮನ್ ಮೇಲೆ ಬಾಂಬ್ ಹಾಕಿದ್ದೂ ಇವರ ವಿಮಾನಗಳೇ. ನಮಗಿದು ಮಾಮೂಲಿ.) ಝೊಹರಾ ನನ್ನ ಮುಖವನ್ನೇ ನೋಡಿದಳು.

"ಅಕ್ಕಾ, ನಿಮಗೂ ಕೇಳಿಸ್ತಾ?"

ಇಕಾಮಾ ಎಂಬ ವಾಸದ ಪರವಾನಗಿ ಜೇಬಿನಲ್ಲಿಟ್ಟುಕೊಂಡು ಈ ದೇಶದ ಅನ್ನ ಉಣ್ಣುವ ನಾವು, ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಹೇಳಿದೆವು: "ಎಂತದೂ ಇಲ್ಲ, ನೀನು ಊಟ ಮಾಡು."