ಸೂರ್ಯನಿಗೆ ಹಚ್ಚಿದ ವಿಭೂತಿ

ಅಜ್ಜೀಪುರದ ಸುವರ್ಣಮ್ಮ ಸೋಲಾರ್ ಫಲಕಗಳಿಗೆಲ್ಲ ದಪ್ಪಗೆ ವಿಭೂತಿ ಬಳಿದು, ಮೇಲೆ ಚೆಂಡುಹೂವಿನ ಹಾರ ಹೊದಿಸಿ, ಅನುದಾನ ಕೊಡುವ ಸಂಸ್ಥೆಯವರನ್ನು ಕಾಯುತ್ತ ನಿಂತಿದ್ದರು. ಟ್ರ್ಯಾಕ್ಟರ್ ಬರಲಿ, ಮಿಕ್ಸಿ ಬರಲಿ, ಅವರಲ್ಲಿ ಮೊದಲು ಪೂಜೆ, ಆಮೇಲೆ ಸ್ವಿಚ್ಚು. ಬಂದವರು ಪರೀಕ್ಷೆಗೆಂದು ಸ್ವಿಚ್ಚು ಒತ್ತಿದರು. ದೇವರಿಗೆ ಸಂತೋಷವಾಯಿತೋ ಏನೋ, ಮೀಟರಿನ ಮುಳ್ಳು ಮಾತ್ರ ಮೇಲೇಳಲಿಲ್ಲ.

"ಸೂರ್ಯಂಗೇ ಕಣ್ಮುಚ್ಬುಟ್ಟಲ್ಲಮ್ಮಿ," ಎಂದು ನೆರೆಮನೆಯ ವೃಷಭೇಂದ್ರಪ್ಪ ನಕ್ಕರು. ಬಂದವರೂ ನಕ್ಕರು. ನಗುತ್ತಲೇ ಪರೀಕ್ಷೆ ವಿಫಲವೆಂದು ಬರೆದುಕೊಂಡು, ಮಳೆಗಾಲ ಕಳೆದ ಮೇಲೆ ಬರುತ್ತೇವೆಂದು ಜೀಪು ಹತ್ತಿದರು.

"ಒರೆಸ್ತೀನಿ ಸಾ, ಒಂದ್ಗಳಿಗೆ ನಿಂತ್ಕಳಿ," ಎನ್ನುತ್ತ ಸುವರ್ಣಮ್ಮ ಸೆರಗು ಕೈಲಿ ಹಿಡಿದು ಜೀಪಿನ ಹಿಂದೆಯೇ ನಡೆದರು.

ಊರವರೇ ಒಡೆಯರಾಗಿ ಮನೆಮನೆಗೆ ವಿದ್ಯುತ್ ಕೊಡುವ ಆ ಘಟಕಕ್ಕಾಗಿ ಎಲ್ಲರನ್ನೂ ಒಪ್ಪಿಸಿದವರು ಸುವರ್ಣಮ್ಮನೇ. ಗಂಡ ಶಾಂತಮೂರ್ತಿಯವರ ಉಸಿರು ಆಸ್ಪತ್ರೆಯವರು ಕೊಟ್ಟ ಆಮ್ಲಜನಕದ ಯಂತ್ರವನ್ನು ನಂಬಿಕೊಂಡಿತ್ತು. ಯಂತ್ರ ಕರೆಂಟನ್ನು ನಂಬಿಕೊಂಡಿತ್ತು. ಕರೆಂಟು ಹೋದಾಗ ಆಸರೆಯಾಗುವ ಬ್ಯಾಟರಿ, ಪರೀಕ್ಷೆ ಪಾಸಾದರೆ ಸಿಗುವ ಅನುದಾನದ ಎರಡನೇ ಕಂತಿನಲ್ಲಿ ಬರಬೇಕಿತ್ತು.

ಮಳೆಗಾಲದ ಒಂದು ಸಂಜೆ ಕಂಬ ಬಿದ್ದು ಕರೆಂಟು ಹೋಯಿತು. ಅದು ಬರುವಷ್ಟರಲ್ಲಿ ಶಾಂತಮೂರ್ತಿಯವರೂ ಹೋಗಿದ್ದರು. ಯಂತ್ರ ಆಸ್ಪತ್ರೆಗೆ ವಾಪಸಾಯಿತು.

ಮಳೆಗಾಲ ಕಳೆದು ಪರೀಕ್ಷೆ ಪಾಸಾಯಿತು, ಬ್ಯಾಟರಿಯೂ ಬಂತು. ಈಗ ಊರಲ್ಲಿ ದೀಪ ಆರುವುದಿಲ್ಲ. ಫೋಟೊ ತೆಗೆಯಲು ಬಂದ ಸಂಸ್ಥೆಯ ಧನುಶ್ರೀ, "ಇಷ್ಟು ಓಡಾಡಿ ತರಿಸಿದ್ರಿ. ಬ್ಯಾಟರಿ ಬಂದ ದಿನ ಮೊದಲು ಏನಕ್ಕೆ ಉಪಯೋಗಿಸಿದ್ರಿ ಅಮ್ಮಾ?" ಎಂದು ಕೇಳಿದಳು.

"ಪೋನು ಚಾರ್ಜಿಗಾಕ್ದೆ ಕಣವ್ವ," ಎಂದರು ಸುವರ್ಣಮ್ಮ. "ನಮ್ಮನೇಲಿ ಇನ್ನೇನದೆ ಆಕಾಕೆ?"